ಮೂರು ಮಾಗಡಿಗಳು

ಆಫ್ರಿಕ ಖಂಡಕ್ಕೆ ಕಾಡುಪ್ರಾಣಿಗಳನ್ನು ನೋಡಲು ಹೋಗುವ ಸಿರಿವಂತರಿಗೆ ಎದುರಾಗುವ ದೊಡ್ಡ ತೊಂದರೆ ಹಣದ್ದಲ್ಲವಂತೆ, ಎಲ್ಲಿಗೆ ಹೋಗಬೇಕೆಂಬುದಂತೆ. ಕೆನ್ಯಕ್ಕೋ ಟಾಂಜಾನಿಯಾಕ್ಕೋ, ಬೋಟ್ಸ್ವಾನಾಕ್ಕೋ ದಕ್ಷಿಣ ಆಫ್ರಿಕಕ್ಕೋ ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕಿ ನಿದ್ದೆ ಕೆಡಿಸಿಕೊಳ್ಳುವವರಿದ್ದಾರಂತೆ. ಇಂಥ ಸುಖದ ತೊಂದರೆ ಜೀವಮಾನದಲ್ಲಿ ಒಮ್ಮೆಯಾದರೂ ನನಗೆ ಬರಲಿ ಎಂದು ನಾನು ಹಾರೈಸಿದ್ದುಂಟು. ಈ ವರ್ಷ ಅದು ಬಂದೇಬಿಟ್ಟಿತು. ಆದರೆ ಬರುವಾಗ ಹಣದ ತೊಂದರೆಯನ್ನೂ ಕೈಹಿಡಿದು ಕರೆದುಕೊಂಡೇ ಬಂತು.

ಸಂಗತಿ ಇಷ್ಟು. ಅಂತಿಮ ಬಿ.ಎ. ವರ್ಗದ ನಾವು 38 ಜನ ಕಾಲೇಜನ್ನು ಬಿಡುವ ಮುನ್ನ ಒಂದು ಪ್ರವಾಸ ಮಾಡಬೇಕೆಂದು ನಿಶ್ಚಯಿಸಿದೆವು. ಹಂಪೆ, ಬಾದಾಮಿಗಳನ್ನು ಹೈಸ್ಕೂಲಿನಲ್ಲಿದ್ದಾಗಲೇ ಎಲ್ಲರೂ ನೋಡಿ, ಕಂಬ ಎಣಿಸಿ, ಉಪ್ಪಿಟ್ಟು ತಿಂದು ಬಂದದ್ದಾಗಿತ್ತು. ಈ ಸಲ ಕಲ್ಲಿನ ಆನೆಯ ಬದಲು ಜೀವವಿರುವ ಆನೆಯನ್ನೇ ನೋಡೋಣ ಎಂದು ಯಾರೋ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಥಳ ಯಾವುದೆಂದು ಕೇಳಿದಾಗ ಮಾತ್ರ ಚಪ್ಪಾಳೆ ನಿಂತಿತು. ಐದು ಜನರ ಒಂದು ಸಮಿತಿಯಾಯಿತು. ಭೂಗೋಲ ನನ್ನ ಐಚ್ಛಿಕ ವಿಷಯವಾದ್ದರಿಂದ ನನ್ನನ್ನೂ ಅದರಲ್ಲಿ ಸೇರಿಸಿದರು.

ಸಮಿತಿಯ ಸದಸ್ಯನಾದವನು ಏನಾದರೂ ಓದಬೇಕಷ್ಟೆ. ನಾನು ವಾಚನಾಲಯದಲ್ಲಿ ಕುಳಿತು ಮೊದಲು ಆಫ್ರಿಕವನ್ನೇ ಓದಿದೆ. ಹುಬ್ಬಳ್ಳಿಯ ಆಚೆ ಕಾಲಿಡದವನಿಗೆ ಆಫ್ರಿಕವೇಕೆ ಎಂದು ನೀವು ಕೇಳಬಹುದು. ಪ್ರಾಣಿಗಳನ್ನು ತೋರಿಸುವ ಕೆಲಸದಲ್ಲಿ ಆ ಖಂಡದವರು ಹಿರಿಯರು. ಹಿರಿಯರನ್ನು ಕೇಳಿ ಮುಂದೆ ಹೆಜ್ಜೆಯಿಡುವುದು ನಮ್ಮ ಕಡೆಯ ಪದ್ಧತಿ. 'ಸಫಾರಿ' ಎಂಬ ಮಾತೇ ಅವರದು. ನಮ್ಮ ಹಳ್ಳಿಯಲ್ಲಿ ಸಫಾರಿ ಎಂದರೆ ಮದುವೆಯಲ್ಲಿ ವರನ ಸೋದರಮಾವ ಹಾಕಿಕೊಳ್ಳುವ ಒಂದೇ ಬಣ್ಣದ ಅಂಗಿ-ಪ್ಯಾಂಟು. ಸ್ವಾಹಿಲಿ ಭಾಷೆಯಲ್ಲಿ ಅದರ ಅರ್ಥ ಬರಿಯ 'ಪ್ರಯಾಣ'; ಅರಬ್ಬಿಯ 'ಸಫರ್' ಎಂಬುದರಿಂದ ಬಂದದ್ದು. ಆ ಅರ್ಥದಲ್ಲಿ ನಾನು ಮೂರು ವರ್ಷಗಳಿಂದ ನಮ್ಮೂರಿನಿಂದ ಗದಗಿಗೆ ಬಸ್ಸಿನ ಬಾಗಿಲಲ್ಲಿ ನಿಂತು ದಿನಾಲು ಸಫಾರಿ ಮಾಡುತ್ತಲೇ ಇದ್ದೇನೆ.

ಓದಿದಂತೆಲ್ಲ ಒಂದು ಮಾತು ಮನಸ್ಸಿಗೆ ಹತ್ತಿತು. ಅಲ್ಲಿ 'ಯಾವ ಕಾಡು' ಎಂಬ ಪ್ರಶ್ನೆ ಬಹುಮಟ್ಟಿಗೆ 'ಯಾವ ತಿಂಗಳು' ಎಂಬ ಪ್ರಶ್ನೆಯೇ ಆಗಿದೆ. ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 14,763 ಚದರ ಕಿಲೋಮೀಟರು. ಉತ್ತರದಲ್ಲಿ ಅದಕ್ಕೆ ಅಂಟಿಕೊಂಡಿರುವ ಕೆನ್ಯದ ಮಸಾಯಿ ಮಾರಾ ಹೆಚ್ಚುಕಡಿಮೆ ಅದರ ಹತ್ತರಲ್ಲೊಂದು ಪಾಲು. ನಡುವೆ ದೇಶಗಳ ಗಡಿಯುಂಟು. ಆದರೆ ಅದು ಪ್ರಾಣಿಗಳಿಗೆ ಗೊತ್ತಿಲ್ಲ. ವಿಲ್ಡಬೀಸ್ಟ್ ಎಂಬ ಗಡ್ಡದ ಕಾಡುದನಗಳು ಹತ್ತು ಲಕ್ಷಕ್ಕೂ ಮಿಕ್ಕಿ ಇದ್ದು, ಮಳೆಯಿದ್ದಲ್ಲಿ ಹುಲ್ಲು, ಹುಲ್ಲಿದ್ದಲ್ಲಿ ತಾವು ಎಂದು ವರ್ಷವಿಡೀ ಸುತ್ತು ಹಾಕುತ್ತವೆ. ಫೆಬ್ರುವರಿಯ ಸುಮಾರಿಗೆ ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಕರು ಹಾಕುತ್ತವೆ. ಜುಲೈ ಕಳೆಯುವ ಹೊತ್ತಿಗೆ ಉತ್ತರಕ್ಕೆ ಬಂದು ಮೊಸಳೆಗಳು ತುಂಬಿದ ಮಾರಾ ನದಿಯನ್ನು ಹಾಯುತ್ತವೆ. ಫೆಬ್ರುವರಿಯಲ್ಲಿ ಮಾರಾ ದಂಡೆಗೆ ಹೋಗಿ 'ಹಿಂಡು ಎಲ್ಲಿ?' ಎಂದು ಕೇಳುವವನು, ಬೇಸಗೆಯಲ್ಲಿ ನಮ್ಮ ಹೊಲಕ್ಕೆ ಬಂದು 'ಜೋಳದ ತೆನೆ ಎಲ್ಲಿ?' ಎಂದು ಕೇಳುವವನ ಹಾಗೆ. ಬೋಟ್ಸ್ವಾನಾದ ಒಕವಾಂಗೊ ಇನ್ನೂ ಸ್ವಾರಸ್ಯವಾದದ್ದು. ಮಳೆ ಬೀಳುವುದು ದೂರದ ಅಂಗೋಲಾದ ಎತ್ತರದ ನೆಲದಲ್ಲಿ. ಆ ನೀರು ತಿಂಗಳುಗಟ್ಟಲೆ ಹರಿದು ಬೋಟ್ಸ್ವಾನಾವನ್ನು ಮುಟ್ಟುವಾಗ ಅಲ್ಲಿ ಒಣ ಋತು. ಸುತ್ತೆಲ್ಲ ಬರ, ನಡುವೆ ನೆರೆ! ಪ್ರಾಣಿಗಳು ಅಲ್ಲಿ ಕೂಡದೆ ಮತ್ತೆಲ್ಲಿ ಕೂಡಬೇಕು? ಮುಂಡರಗಿಯವರಿಗೆ ಇದು ಬೇಗ ತಿಳಿಯುತ್ತದೆ. ತಮ್ಮೂರಲ್ಲಿ ಹನಿ ಬೀಳದಿದ್ದರೂ ಮಲೆನಾಡಿನ ಮಳೆಗೆ ತುಂಗಭದ್ರೆ ಕೆಂಪಾಗಿ ತುಂಬಿಬರುವುದನ್ನು ಅವರು ಸಿಂಗಟಾಲೂರಿನಲ್ಲಿ ನೋಡಿ ಬಲ್ಲರು.

ತಿಂಗಳು ಗೊತ್ತಾದ ಮೇಲೆ, ಎಲ್ಲಿ ಕುಳಿತು ನೋಡಬೇಕೆಂಬುದೂ ಒಂದು ಪ್ರಶ್ನೆ. ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನದಲ್ಲಿ ಡಾಂಬರು ರಸ್ತೆಗಳಿವೆ. ಸ್ವಂತ ಕಾರಿನಲ್ಲಿ ಹೆಂಡಿರು ಮಕ್ಕಳೊಡನೆ ತಾನೇ ನಡೆಸಿಕೊಂಡು ಹೋಗಬಹುದು. ನಮೀಬಿಯಾದ ಎಟೋಷಾದಲ್ಲಿ ನೀರಿನ ಹೊಂಡದ ಮಗ್ಗುಲಲ್ಲಿ ಸುಮ್ಮನೆ ಕುಳಿತರೆ ಸಾಕು. ಬಾಯಾರಿದ ಪ್ರಾಣಿ ತಾನಾಗಿಯೇ ಬರುತ್ತದೆ. ಜಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ಬಂದೂಕಿನ ಕಾವಲುಗಾರನ ಹಿಂದೆ ಕಾಲ್ನಡಿಗೆಯಲ್ಲಿ ಹೋಗುವವರಿದ್ದಾರೆ. ಈ ಮೂರರಲ್ಲಿ ನನಗೆ ಹಿಡಿಸಿದ್ದು ಹೊಂಡದ ಮಗ್ಗುಲಲ್ಲಿ ಕೂಡುವುದೇ. ಬೆನ್ನಟ್ಟಿ ನೋಡುವುದಕ್ಕಿಂತ ಕಾದು ನೋಡುವುದರಲ್ಲಿ ಪ್ರಾಣಿಗೂ ಮಾನವಿದೆ, ನಮಗೂ ಮಾನವಿದೆ ಎಂದು ನನ್ನ ಅಭಿಪ್ರಾಯ.

ಹೀಗೆ ನಕಾಶೆಯ ಮೇಲೆ ಬೆರಳಾಡಿಸುತ್ತಿರುವಾಗ ಬೆರಳು ಒಂದು ಕಡೆ ಗಕ್ಕನೆ ನಿಂತಿತು. ನೈರೋಬಿ ನಗರದ ನೈಋತ್ಯಕ್ಕೆ, ಟಾಂಜಾನಿಯಾದ ಗಡಿಗೆ ಸಮೀಪದಲ್ಲಿ, 'ಮಾಗಡಿ' ಎಂದು ಬರೆದಿತ್ತು. ನಾನು ಮಾಗಡಿಯ ಪಕ್ಕದ ಹಳ್ಳಿಯವನು. ಮಾಗಡಿ ಎಂದರೆ ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಿಗುವ, ಶಿರಹಟ್ಟಿ ತಾಲೂಕಿಗೆ ಸೇರಿದ ಊರು. ಅದು ಆಫ್ರಿಕಕ್ಕೆ ಯಾವಾಗ ಹೋಯಿತು? ಹುಡುಕಿದರೆ ಇನ್ನೊಂದೂ ಸಿಕ್ಕಿತು. ಟಾಂಜಾನಿಯಾದಲ್ಲಿ ಎನ್ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಬಾಯಿ ಕುಸಿದು 260 ಚದರ ಕಿಲೋಮೀಟರಿನಷ್ಟು ದೊಡ್ಡ ಬಟ್ಟಲಾಗಿದೆ. ಆನೆ, ಸಿಂಹ, ಖಡ್ಗಮೃಗಗಳು ಅದರೊಳಗೇ ಸಂಸಾರ ಹೂಡಿವೆ. ಆ ಬಟ್ಟಲಿನ ತಳದಲ್ಲಿರುವ ಕೆರೆಗೂ ಮಾಗಡಿ ಎಂದೇ ಹೆಸರು. ಬೆಂಗಳೂರಿನ ಪಕ್ಕದಲ್ಲಿ ಕೆಂಪೇಗೌಡರ ಮಾಗಡಿಯೂ ಒಂದಿದೆಯಲ್ಲ ಎಂದು ನೀವು ಹೇಳುವಿರಿ. ಇದೆ, ಅದು ಕೋಟೆಯ ಮಾಗಡಿ. ನನ್ನ ಎಣಿಕೆ ಕೆರೆಯ ಮಾಗಡಿಗಳದು.

ಸ್ವಾಹಿಲಿಯಲ್ಲಿ 'ಮಾಗಡಿ' ಎಂದರೆ ಸೋಡಾ. ಕೆನ್ಯದ ಮಾಗಡಿ ಕೆರೆಯ ನೀರು ಬಿಸಿಲಿಗೆ ಆರಿ ದಂಡೆಯಿಂದ ದಂಡೆಗೆ ಸೋಡಾದ ಬಿಳಿಯ ಹೆಪ್ಪುಗಟ್ಟುತ್ತದೆ. ಅದನ್ನು ತೆಗೆದು ಗಾಜಿನ ಕೆಲಸಕ್ಕೆ ಬೇಕಾದ ಸೋಡಾ ಬೂದಿ ಮಾಡುವ ಕಾರ್ಖಾನೆಯ ವ್ಯವಹಾರ ಅಲ್ಲಿ 1911ರಿಂದ ನಡೆದಿದೆ. 2005ರಿಂದ ಅದು ನಮ್ಮ ಟಾಟಾ ಕಂಪನಿಯವರದು. ಅಲ್ಲಿಯ ಜನ ಅವರೆಕಾಳು, ಗೋವಿನಜೋಳ ಬೇಗ ಬೇಯಲೆಂದು ಒಂದು ಚಿಟಿಕೆ ಮಾಗಡಿ ಹಾಕುತ್ತಾರೆ. ಗದಗಿನಲ್ಲಿ ಮಿರ್ಚಿ ಭಜಿಯ ಹಿಟ್ಟಿಗೆ ಹಾಕುವುದೂ ಅದರ ತಮ್ಮನನ್ನೇ. ಇಂಥ ಕಟು ನೀರಿನಲ್ಲಿಯೂ ಬದುಕುವ ಹಕ್ಕಿಯೊಂದಿದೆ, ರಾಜಹಂಸ. ಗುಲಾಬಿ ಬಣ್ಣದ ಫ್ಲೆಮಿಂಗೊ. ಹಾಗಾದರೆ ಆಫ್ರಿಕದ ಎರಡು ಮಾಗಡಿಗಳಿಗೂ ಜಗತ್ತಿನ ಜನ ವಿಮಾನ ಏರಿ ಹೋಗುತ್ತಾರೆ. ಮೂರನೆಯದನ್ನು ನಾನು ಬಸ್ಸಿನ ಕಿಟಕಿಯಿಂದ ದಿನಕ್ಕೆರಡು ಸಲ ನೋಡುತ್ತೇನೆ.

ಇದನ್ನು ಸಮಿತಿಯ ಮುಂದೆ ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಸಮಿತಿಯ ಸಭೆ ಕ್ಯಾಂಟೀನಿನಲ್ಲಿ ನಡೆಯಿತು. ಒಬ್ಬ ಕಬಿನಿ ಅಂದ. ಕಬಿನಿಗೆ ಅಣೆಕಟ್ಟು ಕಟ್ಟಿ ಆದ ಹಿನ್ನೀರಿನ ದಂಡೆಗೆ ಬೇಸಗೆಯಲ್ಲಿ ಬಂಡೀಪುರ, ನಾಗರಹೊಳೆಗಳ ಆನೆಗಳು ಹಿಂಡುಹಿಂಡಾಗಿ ಹುಲ್ಲಿಗೆ ಇಳಿಯುತ್ತವೆ. ಮಾತು ನಿಜ; ಆದರೆ ಮಾರ್ಚ್ ಏಪ್ರಿಲಿನ ಮಾತು. ಆಗ ನಮಗೆ ಪರೀಕ್ಷೆಯ ಹುಲಿ. ಮೇಲಾಗಿ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಅಲ್ಲಿಯ ಹೆಸರಾಂತ ವಸತಿಗೃಹಗಳಲ್ಲಿ ಒಂದಿರುಳಿನ ಬಾಡಿಗೆ ನಮ್ಮಪ್ಪ ಒಂದು ಎಕರೆ ಕಡಲೆಯ ಬೀಜ-ಗೊಬ್ಬರಕ್ಕೆ ಹಾಕುವ ಹಣಕ್ಕಿಂತ ಹೆಚ್ಚು. ಇನ್ನೊಬ್ಬನು ದಾಂಡೇಲಿ ಅಂದ. 1956ರಲ್ಲಿ ಅಭಯಾರಣ್ಯವಾಗಿ, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೇರಿರುವ ಕಾಡು ಅದು. ಕರಿಚಿರತೆಗೂ ಮಂಗಟ್ಟೆ ಹಕ್ಕಿಗೂ ಹೆಸರಾದದ್ದು. ಆದರೆ ದಟ್ಟ ಕಾಡಿನಲ್ಲಿ ಪ್ರಾಣಿ ನಮ್ಮನ್ನು ನೋಡುವುದೇ ಹೆಚ್ಚು. ನಾವು ಅದನ್ನು ನೋಡುವುದು ಕಡಿಮೆ. ಸೆರೆಂಗೆಟಿಯ ಕೀರ್ತಿಗೆ ಅದರ ಬಯಲೇ ಕಾರಣವೆಂಬುದನ್ನು ನಾನು ನೆನಪಿಸಿದೆ. ರೈಲಿನಲ್ಲಿ ಹೊಸಪೇಟೆಗೆ ಹೋಗಿ, 1994ರಲ್ಲಿ ಆದ ದರೋಜಿಯ ಕರಡಿಧಾಮ ನೋಡಬಹುದೆಂಬ ಮಾತೂ ಬಂತು. ಸಂಜೆ ಬಂಡೆಗಳ ಮೇಲಿನ ಸಿಹಿಗೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುವುದನ್ನು ಗೋಪುರದ ಮೇಲಿಂದ ನೋಡಿ ಬಂದವರು ಬಹಳ ಕೊಂಡಾಡುತ್ತಾರೆ. ಆದರೆ ಕರಡಿ ಬರುವುದು ಸಂಜೆ, ನಾವು ಮರಳುವುದು ನಡುರಾತ್ರಿ. ಹೆಣ್ಣುಮಕ್ಕಳ ಮನೆಯವರು ಒಪ್ಪುವ ಹಾಗಿರಲಿಲ್ಲ. ರಾಣೆಬೆನ್ನೂರಿನಲ್ಲಿ 1974ರಿಂದ 119 ಚದರ ಕಿಲೋಮೀಟರಿನ ಕೃಷ್ಣಮೃಗಗಳ ಅಭಯಾರಣ್ಯವಿದೆ. ಅದರ ಹೆಸರೆತ್ತಿದೊಡನೆ ನಮ್ಮಲ್ಲೊಬ್ಬ, "ಚಿಗರಿ ನೋಡಾಕ ರಾಣೆಬೆನ್ನೂರಿಗೆ ಯಾಕ? ನಮ್ಮ ಹೊಲಕ್ಕ ಬರ್ರಿ, ಹೆಸರು ಬಿತ್ತೇವಿ, ದಿನಾ ಮೇಯಾಕ ಬರ್ತಾವ" ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ನನ್ನ ಮನೆಯ ಮಾತೂ ಅದೇ ಆಗಿತ್ತು.

ಆಗ ಲಕ್ಷ್ಮೇಶ್ವರದಿಂದ ಬರುವ ಗೆಳತಿಯೊಬ್ಬಳು, ಸಮಿತಿಯಲ್ಲಿ ಅತ್ಯಂತ ಕಡಿಮೆ ಮಾತನಾಡುವವಳು, ಹೇಳಿದಳು: "ಮಾಗಡಿ ಕೆರಿಗೆ ಹೋಗೂಣು. 2023ರ ಜೂನಿನಿಂದ ಸರಕಾರಿ ಬಸ್ಸಿನ್ಯಾಗ ನಮಗ ಟಿಕೆಟ್ ಇಲ್ಲ. ವರ್ಗದಾಗ 23 ಮಂದಿ ಹುಡುಗ್ಯಾರು. ನೀವು 15 ಮಂದಿ ಗಂಡಸರು ಅಷ್ಟ ರೊಕ್ಕ ಕೊಟ್ರ ಆತು." ಅರ್ಥಶಾಸ್ತ್ರದ ಪ್ರಶ್ನೆ ಹೀಗೆ ಬಗೆಹರಿಯಿತು. ಮುಂಡರಗಿಯ ಗೆಳೆಯನು ತನ್ನ ಕಪ್ಪತಗುಡ್ಡವನ್ನು ಬಿಡಲೊಲ್ಲನಾಗಿ, ಮುಂಜಾನೆ ಕೆರೆ, ಮಧ್ಯಾಹ್ನ ಗುಡ್ಡ ಎಂದು ಒಪ್ಪಂದವಾಯಿತು.

ಈಗ ನಾನು ಯಾಕೆ ಸುಮ್ಮನಿದ್ದೆನೆಂಬುದು. ಕೆರೆಯ ಸಮೀಪವೇ ನಮ್ಮ ನಾಲ್ಕು ಎಕರೆ ಎರೆ ಹೊಲ. ಹಿಂಗಾರಿಗೆ ಕಡಲೆ ಬಿತ್ತುತ್ತೇವೆ. ಜಗತ್ತು ಯಾವ ಹಕ್ಕಿಯನ್ನು ನೋಡಲು ಮಾಗಡಿಗೆ ಬರುತ್ತದೆಯೋ ಆ ಹಕ್ಕಿಯನ್ನು, ನನಗೆ ನೆನಪಿರುವಂದಿನಿಂದಲೂ, ನಮ್ಮಪ್ಪ ಒಡೆದ ಎಣ್ಣೆ ಡಬ್ಬಿ ಬಾರಿಸಿ ಓಡಿಸುತ್ತ ಬಂದಿದ್ದಾನೆ. ನನ್ನ ವರ್ಗದವರೂ ಗುರುಗಳೂ ಕಣ್ಣಿಗೆ ದುರ್ಬೀನು ಹಿಡಿದು ನಿಂತಿರುವಾಗ ಆ ಡಬ್ಬಿಯ ಸಪ್ಪಳ ಕೇಳಿದರೆ ಏನು ಮಾಡಲಿ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪನನ್ನು ಕಾಲೇಜಿಗೆ ತೋರಿಸುವುದೂ ಕಾಲೇಜನ್ನು ಅಪ್ಪನಿಗೆ ತೋರಿಸುವುದೂ ಈ ಮೂರು ವರ್ಷ ಹೇಗೋ ತಪ್ಪಿತ್ತು.

ಹಕ್ಕಿಯ ವಿಷಯ ಸ್ವಲ್ಪ ಹೇಳಬೇಕು. ಪುಸ್ತಕದ ಹೆಸರು ಪಟ್ಟೆತಲೆ ಹೆಬ್ಬಾತು. ನಮ್ಮೂರವರು ಬರೀ 'ಹಕ್ಕಿ' ಅನ್ನುತ್ತಾರೆ. ಬೇರೆ ಹಕ್ಕಿಗಳಿಗೆಲ್ಲ ಹೆಸರುಂಟು, ಇದೊಂದಕ್ಕೆ ಹಕ್ಕಿ ಎಂಬುದೇ ಹೆಸರು. ಎರಡು ಮೂರು ಕಿಲೋ ತೂಗುವ ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕರಿಯ ಪಟ್ಟೆ, ಕಿತ್ತಳೆ ಬಣ್ಣದ ಕೊಕ್ಕು ಮತ್ತು ಕಾಲು. ಮೊಟ್ಟೆಯಿಟ್ಟು ಮರಿ ಮಾಡುವುದು ಮಂಗೋಲಿಯ, ಟಿಬೆಟ್ ಮುಂತಾದ ಎತ್ತರದ ನಾಡುಗಳ ಸರೋವರಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಹೊರಟು ಹಿಮಾಲಯವನ್ನು ದಾಟಿ ನಮ್ಮ ಕಡೆ ಬರುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ಅಳೆದವರು ಒಂದು ಹಕ್ಕಿ 7,290 ಮೀಟರು ಎತ್ತರಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ. ಅಷ್ಟು ಮೇಲೆ ನಾವು ನೀವು ಒಂದು ಗುಕ್ಕು ಉಸಿರಿಗೆ ಬಾಯಿ ಬಿಡಬೇಕು. ಈ ಹಕ್ಕಿಯ ರಕ್ತ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಬೇಗ ಹೀರಿಕೊಳ್ಳುವಂಥದು. ಅದರ ಮೇಲೆ ಜಾಣತನವೂ ಇದೆ: ಸುಮ್ಮನೆ ಎತ್ತರದಲ್ಲಿಯೇ ಹಾರುತ್ತ ಹೋಗದೆ, ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು, ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಬೆಳಗಿನ ಹೊತ್ತನ್ನು ನೋಡಿ ದಾಟುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ.

ಇಷ್ಟು ದೂರ ಬರುವ ಹಕ್ಕಿ ಸ್ಥಳವನ್ನು ಹೇಗೆ ಆರಿಸುತ್ತದೆ? ಸಫಾರಿಯ ಯಾತ್ರಿಕರಂತೆಯೇ ಅದಕ್ಕೂ ಲೆಕ್ಕವಿದೆ. ಮಾಗಡಿ ಕೆರೆ ಸುಮಾರು 130 ಎಕರೆಯದು. ಆಳ ಕಡಿಮೆ, ದಂಡೆ ಬಯಲು. ಬಯಲು ದಂಡೆಯಲ್ಲಿ ನಾಯಿ ನರಿ ಬಂದರೆ ದೂರದಿಂದಲೇ ಕಾಣುತ್ತದೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ. ಕತ್ತಲಾಗುತ್ತಲೂ ನಸುಕಿನಲ್ಲೂ ಸುತ್ತಲಿನ ಹೊಲಗಳಲ್ಲಿ ಊಟ. ಮೀನು ಇದಕ್ಕೆ ಬೇಡ. ಹುಲ್ಲು, ಕಾಳು, ಎಳೆಯ ಪೈರು ಬೇಕು. ಎಂದರೆ, ಮಾಗಡಿಯಲ್ಲಿ ಹಕ್ಕಿಗೆ ಕೆರೆ ಮಲಗುವ ಮನೆ; ಅಡಿಗೆಮನೆ ನಮ್ಮ ಹೊಲ. ಆ ಕೆರೆಯನ್ನೂ ಕಾಡು ಕೊಟ್ಟದ್ದಲ್ಲ. ಮಳೆನೀರು ಹಿಡಿದು ಹೊಲಕ್ಕೆ ಉಣ್ಣಿಸಲು ಜನರೇ ಕಟ್ಟಿದ್ದು. ಮಳೆ ತಪ್ಪಿ ಕೆರೆ ಒಣಗಿದರೆ ಹಕ್ಕಿ ಬೇರೆ ಕೆರೆ ನೋಡಿಕೊಳ್ಳುತ್ತದೆ; ಅದಕ್ಕೆ ಆ ಆಯ್ಕೆ ಇದೆ. ದಕ್ಷಿಣ ಭಾರತದಲ್ಲಿ ಈ ಹೆಬ್ಬಾತುಗಳು ಚಳಿಗಾಲ ಕಳೆಯುವ ಬಹು ದೊಡ್ಡ ನೆಲೆಗಳಲ್ಲಿ ಮಾಗಡಿ ಒಂದು. ಒಂದು ಋತುವಿನಲ್ಲಿ ಸುಮಾರು 8,000 ಹಕ್ಕಿಗಳು ಬರುತ್ತವೆಂದು ಲೆಕ್ಕ. ಇರಾನಿನ ರಾಮ್ಸರ್ ಎಂಬ ಊರಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ ಜಗತ್ತಿನ ಮುಖ್ಯ ಜಲಪ್ರದೇಶಗಳ ಪಟ್ಟಿಯೊಂದು ನಡೆದುಬಂದಿದೆ. ಕರ್ನಾಟಕದಿಂದ ಮೊದಲು ರಂಗನತಿಟ್ಟು ಅದರಲ್ಲಿ ಸೇರಿತ್ತು. 2024ರಲ್ಲಿ ಅಂಕಸಮುದ್ರ, ಅಘನಾಶಿನಿಗಳ ಜೊತೆಗೆ ನಮ್ಮ ಮಾಗಡಿಯೂ ಸೇರಿತು.

ಜನವರಿಯ ಒಂದು ಭಾನುವಾರ ಗದಗಿನಿಂದ ಮೊದಲ ಬಸ್ಸಿಗೆ ಹೊರಟೆವು. ನಾನು ಹಿಂದಿನ ರಾತ್ರಿಯೇ ಊರಿಗೆ ಹೋಗಿದ್ದೆ. ಅವ್ವನಿಗೆ 38 ಜನ ಬರುವರೆಂದು ಹೇಳಿದೆ. ಅಪ್ಪನಿಗೆ ಹೇಳಿದಾಗ ಅವನು, "ಹಕ್ಕಿ ನೋಡಾಕ ಗದಗಿನಿಂದ ಬರ್ತಾರೇನು? ನಮಗ ಸಾಕಾಗೇತಿ" ಎಂದಷ್ಟೇ ಅಂದ. ನಾಳೆ ಡಬ್ಬಿ ಬಾರಿಸಬೇಡವೆಂದು ಹೇಳಲು ಎರಡು ಸಲ ಬಾಯಿ ತೆರೆದೆ, ಹೇಳಲಿಲ್ಲ. ಹೊಲ ಅವನದು, ಕಡಲೆ ಅವನದು, ನನ್ನ ಕಾಲೇಜಿನ ಫೀಯೂ ಆ ಕಡಲೆಯದೇ.

ಬೆಳಗಿನ ಮಂಜು ಇನ್ನೂ ಆರಿರಲಿಲ್ಲ. ಮೊದಲು ಸಪ್ಪಳ ಬಂತು, ಸಂತೆಯ ಗದ್ದಲ ದೂರದಿಂದ ಕೇಳಿದ ಹಾಗೆ. ಆಮೇಲೆ ಪೂರ್ವದಿಂದ ಒಂದು ಸಾಲು, ಅದರ ಹಿಂದೆ ಇನ್ನೊಂದು, ಹೊಲಗಳಿಂದ ಕೆರೆಗೆ ಮರಳುತ್ತಿದ್ದವು. ನೀರಿನ ಮೇಲೆ ಬಂದೊಡನೆ ರೆಕ್ಕೆ ಬಿಗಿಹಿಡಿದು, ಕಾಲು ಮುಂದೆ ಚಾಚಿ ಇಳಿಯುತ್ತವೆ. ಹಿಂಡು ಇಳಿದಂತೆ ಕೆರೆಯ ಬಣ್ಣವೇ ಬದಲಾಗುತ್ತದೆ. ಗುರುಗಳ ದುರ್ಬೀನು ಕೈಯಿಂದ ಕೈಗೆ ಹೋಯಿತು. ಬೆಟಗೇರಿಯ ನೇಕಾರ ಮನೆತನದ ಗೆಳೆಯ ಬಹಳ ಹೊತ್ತು ನೋಡಿ, "ಬಿಳೀ ಸೀರಿಗಿ ಎರಡು ಕರೀ ದಡಿ ಬಿಟ್ಟಾರ ನೋಡ್ರಿ, ಒಂದು ಎಳಿ ತಪ್ಪಿಲ್ಲ" ಅಂದ. ಬಣ್ಣದ ಕೊಕ್ಕರೆಗಳೂ ಬಿಳಿ ಕೆಂಬರಲುಗಳೂ ದಂಡೆಯಲ್ಲಿದ್ದವು. ಆದರೆ ಅವುಗಳನ್ನು ಆ ಹೊತ್ತಿಗೆ ಯಾರೂ ಕೇಳುವವರಿರಲಿಲ್ಲ. ಕೆಲವರು ಎಣಿಸಲು ತೊಡಗಿ 600ರಲ್ಲಿ ಸೋತರು. ನಮ್ಮ ವರ್ಗದ ಅತ್ಯಂತ ಗಲಾಟೆಯ ಹುಡುಗನು ಕಾಲು ಗಂಟೆ ಒಂದು ಮಾತೂ ಆಡದಿದ್ದುದನ್ನು ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ.

ಆಗ ಡಬ್ಬಿಯ ಸಪ್ಪಳ ಕೇಳಿತು. ತಡವಾಗಿ ಮೇಯುತ್ತಿದ್ದ ಒಂದು ಹಿಂಡು ನಮ್ಮ ಹೊಲದಿಂದ ಎದ್ದು, ನಮ್ಮ ತಲೆಯ ಮೇಲೆಯೇ ಹಾದು ಕೆರೆಗೆ ಇಳಿಯಿತು. ಇಷ್ಟು ಹತ್ತಿರದಿಂದ, ಹೊಟ್ಟೆಯ ಗರಿ ಕಾಣುವಷ್ಟು ಹತ್ತಿರದಿಂದ, ಅಂದು ನಮಗೆ ಮತ್ತೆ ಕಾಣಲಿಲ್ಲ. ಎಲ್ಲರೂ 'ಓ!' ಎಂದು ಉದ್ಗರಿಸಿದರು. ಗುರುಗಳು, "ಯಾರಪ್ಪಾ ಅದು ಡಬ್ಬಿ ಬಾರಿಸುವವರು?" ಎಂದು ಕೇಳಿದರು.

"ನಮ್ಮಪ್ಪ, ಸರ್," ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ನಡಿ, ಹೋಗಿ ಮಾತಾಡಿಸೋಣ" ಎಂದರು. ಬದುವಿನ ಮೇಲೆ ಸಾಲಾಗಿ ನಡೆದೆವು. ಅಪ್ಪ ಡಬ್ಬಿಯನ್ನು ಕೆಳಗಿಟ್ಟು, ರುಮಾಲು ಸರಿಮಾಡಿಕೊಂಡು, "ಬರ್ರಿ ಸರ್ರ, ಕುಂದರ್ರಿ" ಎಂದು ಗೋಣಿಚೀಲ ಹಾಸಿದ. ಹಕ್ಕಿ ಮೇದ ಜಾಗವನ್ನು ಗುರುಗಳೇ ತೋರಿಸೆಂದು ಕೇಳಿದರು. ತೋರಿಸಿದ. ಕೆರೆಯ ಕಡೆಯ ನಾಲ್ಕಾರು ಸಾಲು ಕತ್ತರಿಯಿಂದ ಕತ್ತರಿಸಿದಂತೆ ಬೋಳಾಗಿದ್ದವು. ಉಳಿದದ್ದು ಹೂವು ಕಾಯಿಗಳಿಂದ ತುಂಬಿತ್ತು. "ಪೂರಾ ತಿನ್ನಂಗಿಲ್ಲರಿ, ಬಲಗೈ ಕಡೆ ನಾಲ್ಕು ಸಾಲು ಅವುಕ್ಕ ಅಂತನ ಬಿಟ್ಟೀನಿ. ಅಷ್ಟಕ್ಕ ನಿಲ್ಲೂದಿಲ್ಲ ಅಂತ ಡಬ್ಬಿ," ಎಂದ. ಆ ನಾಲ್ಕು ಸಾಲಿನ ವಿಷಯ ನನಗೂ ಅಂದಿನವರೆಗೆ ಗೊತ್ತಿರಲಿಲ್ಲ. ಹಕ್ಕಿ ಬಂದ ವರ್ಷ ಬಾವಿಗೆ ನೀರಿರುತ್ತದೆಂದು ನಮ್ಮಜ್ಜ ಹೇಳುತ್ತಿದ್ದನಂತೆ. ಕೆರೆ ತುಂಬಿದ್ದರೆ ತಾನೆ ಹಕ್ಕಿ ಬರುವುದು! ಅವ್ವ ಸುಲಗಾಯಿ ಸುಟ್ಟು ತಂದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಲಕ್ಷ್ಮೇಶ್ವರದ ಗೆಳತಿ ಅವ್ವನ ಜೊತೆ ಕುಳಿತು ಕಾಯಿ ಸುಲಿದಳು. ಹೊರಡುವಾಗ ಗಲಾಟೆಯ ಹುಡುಗ ಅಪ್ಪನನ್ನು ಕೇಳಿ ಡಬ್ಬಿಯನ್ನು ಒಮ್ಮೆ ಬಾರಿಸಿಯೇ ಬಂದ.

ಮಧ್ಯಾಹ್ನದ ಕಪ್ಪತಗುಡ್ಡವನ್ನು ಕುರಿತು ಹೆಚ್ಚು ಬರೆಯಲಾರೆ. ಶಿರಹಟ್ಟಿಯ ಕಡೆಯಿಂದ ಹತ್ತಿದೆವು. ಗದಗಿನ ಬಿಂಕದಕಟ್ಟಿಯಿಂದ ಮುಂಡರಗಿ ತಾಲೂಕಿನ ಸಿಂಗಟಾಲೂರಿನ ತನಕ ಚಾಚಿದ ಈ ಸಾಲಿನಲ್ಲಿ ಕತ್ತೆಕಿರುಬ, ತೋಳ, ಕೊಂಡುಕುರಿ, ಚಿರತೆಗಳಿವೆ. ನಮಗೆ ಕಂಡದ್ದು ಎರಡು ನವಿಲು, ಗಾಳಿಯಂತ್ರಗಳ ತಿರುಗುವ ರೆಕ್ಕೆ, ಮತ್ತು ಒಂದು ಮುಳ್ಳುಹಂದಿಯ ಮುಳ್ಳು. ಮುಂಡರಗಿಯ ಗೆಳೆಯನಿಗೆ ಸಂಕೋಚವಾಯಿತು. ಆದರೆ ಆ ಗುಡ್ಡ ಇಂದು ಗುಡ್ಡವಾಗಿ ಉಳಿದಿರುವುದೇ ಒಂದು ನೋಡುವ ಸಂಗತಿ. 2015ರಲ್ಲಿ ಸಂರಕ್ಷಿತವೆಂದು ಸಾರಿ, ಮರುವರ್ಷ ಅದನ್ನು ಹಿಂತೆಗೆದುಕೊಂಡಾಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಗದಗಿನ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿ ಬಂತು, 2019ರಲ್ಲಿ ವನ್ಯಜೀವಿ ಧಾಮವಾಯಿತು. ಕತ್ತೆಕಿರುಬ ನಮಗೆ ಮುಖ ತೋರಿಸದಿದ್ದರೆ ಅದು ಅದರ ಇಷ್ಟ.

ಸಂಜೆ ಎಲ್ಲರೂ ಗದಗಿಗೆ ಹೋದರು. ನಾನು ಊರಲ್ಲಿ ಉಳಿದೆ. ರಾತ್ರಿ ಉಂಡು ಕಟ್ಟೆಯ ಮೇಲೆ ಕುಳಿತಾಗ ಅಪ್ಪ, "ಆಫ್ರಿಕಾದಾಗೂ ಮಾಗಡಿ ಐತಂತ ನಿಮ್ಮ ಸರ್ರು ಅಂದ್ರಲ್ಲ, ಅಲ್ಲಿ ಮಂದಿ ಹೊಲಾ ಮಾಡೂದಿಲ್ಲೇನು?" ಎಂದು ಕೇಳಿದ. ಮಾಡುತ್ತಾರೆ, ಆನೆಗಳು ಗೋವಿನಜೋಳಕ್ಕೆ ನುಗ್ಗುತ್ತವೆ. ಕೆನ್ಯದಲ್ಲಿ ಹೊಲದ ಸುತ್ತ ತಂತಿ ಎಳೆದು ಜೇನುಪೆಟ್ಟಿಗೆ ತೂಗುಬಿಡುತ್ತಾರೆ, ಆನೆ ತಂತಿಗೆ ತಾಗಿದರೆ ಪೆಟ್ಟಿಗೆ ಅಲುಗಿ ಜೇನು ಏಳುತ್ತವೆ, ಆನೆ ಓಡುತ್ತದೆ ಎಂದೆ. ಅಪ್ಪ ಬಹಳ ನಕ್ಕ. "ಹಕ್ಕಿಗೆ ಜೇನು ಏನ್ ಮಾಡ್ಯಾವು! ನಮ್ಮನ್ನ ಓಡಿಸ್ಯಾವು," ಎಂದ. ಆಮೇಲೆ ಮಾರಾದ ಸುದ್ದಿ ಹೇಳಿದೆ. ಮಾರಾ ಸುತ್ತಲಿನ ಮಸಾಯಿ ಜನರು ತಮ್ಮ ಹೆಸರಿಗಿರುವ ನೆಲವನ್ನು ಪ್ರಾಣಿಗಳು ಮೇದುಕೊಂಡಿರಲೆಂದು ಒಟ್ಟುಗೂಡಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಪ್ರವಾಸಿಗರನ್ನು ಕರೆತರುವವರು ಆ ಬಾಡಿಗೆಯನ್ನು ನೆಲದ ಒಡೆಯರಿಗೆ ಸಲ್ಲಿಸುತ್ತಾರೆ.

ಅಪ್ಪ ನಗುವುದನ್ನು ನಿಲ್ಲಿಸಿದ. ಬೀಡಿ ಆರಿತ್ತು, ಹೊತ್ತಿಸಲಿಲ್ಲ. ಬಹಳ ಹೊತ್ತು ಕೆರೆಯ ಕಡೆ ನೋಡುತ್ತ ಕುಳಿತು, ಕೊನೆಗೆ, "ಎಕರೆಕ್ಕ ಎಷ್ಟಂತ ಬರದಾರೇನು ತಮ್ಮಾ, ಪುಸ್ತಕದಾಗ?" ಎಂದು ಕೇಳಿದ.

ನೋಡಿ ಹೇಳುತ್ತೇನೆಂದೆ. ಅವನು ಎದ್ದು ಬ್ಯಾಟರಿಯನ್ನೂ ಡಬ್ಬಿಯನ್ನೂ ತೆಗೆದುಕೊಂಡು ಹೊಲದ ಕಡೆ ಹೋದ. ಆ ರಾತ್ರಿ ನಾನೂ ಅವನ ಹಿಂದೆ ಹೋದೆ.